ಗೃಹಭಾರವೂ ಲಿಂಗಪೂಜೆಯೂ

ವೀರಶೈವಧರ್ಮವು ಮನೆಯನ್ನು ಬಿಟ್ಟು ಅಡವಿಯನ್ನು ಸೇರಿದವರಿಗೆ ಮಾತ್ರ ಮೀಸಲಾದ ಧರ್ಮವಲ್ಲ. ಶರಣರಲ್ಲಿ ಬಹುಮಂದಿ ಸತಿಸುತರೊಡನೆ ಬಾಳಿದ ಗೃಹಸ್ಥರು. ಜೇಡರ ದಾಸಿಮಯ್ಯನು ಬಟ್ಟೆ ನೇಯ್ದನು. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಮೋಳಿಗೆಯ ಮಾರಯ್ಯನು ಸೌದೆಯ ಹೊರೆ ಹೊತ್ತು ಮಾರಿದನು. ಸಂಸಾರದಲ್ಲಿ ಇದ್ದುಕೊಂಡೇ ಲಿಂಗಸಂಗಿಗಳಾಗಬಹುದು, ಮನೆಯೇ ಮಹಾಮನೆಯಾಗಬಹುದು ಎಂಬುದು ಅವರು ಲೋಕಕ್ಕೆ ತೋರಿದ ಹಾದಿ. ಆದುದರಿಂದ “ಮನೆಯಲ್ಲಿ ಕಾಲಿಡಲು ಎಡೆಯಿಲ್ಲ, ಪೂಜೆಗೆ ಕೂಡಲು ಹೊತ್ತಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ” ಎಂದು ಇಂದಿನ ಗೃಹಸ್ಥರು ನಿಡುಸುಯ್ಯುವಾಗ ಅದನ್ನು ಕೇವಲ ಲೌಕಿಕವಾದ ದೂರೆಂದು ತಳ್ಳಿಹಾಕುವಂತಿಲ್ಲ. ಮನೆಯನ್ನೇ ಸಾಧನೆಯ ನೆಲೆಯೆಂದು ನಂಬಿದ ಧರ್ಮಕ್ಕೆ ಮನೆಯ ನೆಮ್ಮದಿ ಕೆಟ್ಟರೆ ಬುಡವೇ ಅಲುಗಿದಂತೆ.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಪಟ್ಟಣದ ಬೀದಿಯೊಂದರಲ್ಲಿ ಮೂರು ಕೋಣೆಗಳ ಮನೆ. ಯಜಮಾನನು ಕಚೇರಿಯಲ್ಲಿ ಗುಮಾಸ್ತ, ಗೃಹಿಣಿಯು ಶಾಲೆಯಲ್ಲಿ ಅಧ್ಯಾಪಿಕೆ, ಓದುವ ಇಬ್ಬರು ಮಕ್ಕಳು, ಮುಪ್ಪಿನ ಅತ್ತೆ. ಬಡತನವಿಲ್ಲ, ದುಶ್ಚಟವಿಲ್ಲ, ಕಲಹವಿಲ್ಲ. ಆದರೂ ಗೃಹಿಣಿಯ ಮುಖದಲ್ಲಿ ಕಳೆಯಿಲ್ಲ. ಗೃಹಪ್ರವೇಶದ ದಿನ ಮುಯ್ಯಿಯಾಗಿ ಬಂದ ಸ್ಟೀಲಿನ ಪಾತ್ರೆಗಳು ಸುತ್ತಿದ ಕಾಗದವನ್ನೂ ಬಿಚ್ಚದೆ ಅಟ್ಟದಲ್ಲಿವೆ. ಉಡಿ ತುಂಬಿದವರು ಕೊಟ್ಟ ಕುಪ್ಪಸದ ಕಣಗಳು ಎರಡು ಪೆಟ್ಟಿಗೆಗಳಷ್ಟಿವೆ. ಕೆಟ್ಟುಹೋದ ಮಿಕ್ಸರು, ಮಕ್ಕಳ ಹಿಂದಿನ ತರಗತಿಗಳ ಪುಸ್ತಕಗಳು, ಮುಚ್ಚಳ ಕಳೆದ ಡಬ್ಬಿಗಳು, ಮೊಬೈಲಿನಲ್ಲಿ ಬೆರಳು ಒತ್ತಿದೊಡನೆ ಬಾಗಿಲಿಗೆ ಬಂದು ಬೀಳುವ ಪಾರ್ಸೆಲುಗಳ ರಟ್ಟುಗಳು, ಒಂದರ ಮೇಲೊಂದು ಏರಿ ಕುಳಿತಿವೆ. ಪೂಜೆಯ ಕೋಣೆಯಲ್ಲಿ ಅಕ್ಕಿಯ ಚೀಲವಿದೆ. ಪೂಜೆಯ ಮಣೆಯ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆಗಳ ಗಂಟಿದೆ.

ಮನೆಯಲ್ಲಿ ಎಡೆಯಿಲ್ಲದಂತೆ ದಿನದಲ್ಲಿಯೂ ಎಡೆಯಿಲ್ಲ. ಮಗನಿಗೆ ಬೆಳಿಗ್ಗೆ ಗಣಿತದ ಟ್ಯೂಷನ್, ಸಂಜೆ ಕರಾಟೆ. ಮಗಳಿಗೆ ಸಂಗೀತ, ಚಿತ್ರಕಲೆ. ಭಾನುವಾರವೆಂದರೆ ಒಂದು ಮದುವೆ, ಒಂದು ನಾಮಕರಣ. ಯಜಮಾನನಿಗೆ ಎರಡು ಸಂಘಗಳ ಕಾರ್ಯಭಾರ. ಇವೆಲ್ಲವುಗಳ ನಡುವೆ ಓಡುವವಳು ಆ ಗೃಹಿಣಿ.

ಒಂದು ಸೋಮವಾರ ಬೆಳಿಗ್ಗೆ ಆಕೆಯು ಮಿಂದು, ವಿಭೂತಿಯನ್ನು ಧರಿಸಿ, ಕೊರಳಿನ ಕರಡಿಗೆಯನ್ನು ಕೈಗೆ ತೆಗೆದುಕೊಂಡು ಕೋಣೆಗೆ ಬಂದಳು. ಮಣೆಯ ಮೇಲಿನ ಗಂಟನ್ನು ಇಡಲು ಬೇರೆ ಸ್ಥಳವಿರಲಿಲ್ಲ. ಅಷ್ಟರಲ್ಲಿ ಮಗ ಕಾಲುಚೀಲ ಕಾಣದೆಂದು ಕೂಗಿದನು. ಒಲೆಯ ಮೇಲೆ ಹಾಲು ಉಕ್ಕಿತು. ಆಕೆಯು ನಿಂತಲ್ಲಿಯೇ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಕರಡಿಗೆಯನ್ನು ಮತ್ತೆ ಕೊರಳಿಗೆ ಇಳಿಬಿಟ್ಟಳು. ಬಾಗಿಲ ಬಳಿ ಕುಳಿತಿದ್ದ ಅತ್ತೆ ಇದನ್ನು ಕಂಡು, “ಏನಮ್ಮಾ, ಪೂಜೆಯಾಯಿತೇ?” ಎಂದು ಕೇಳಿದರು.

“ಇಲ್ಲ ಅತ್ತೆ. ಕೂಡಲು ಎಡೆಯೂ ಇಲ್ಲ, ಹೊತ್ತೂ ಇಲ್ಲ. ಕಣ್ಣಿಗೊತ್ತಿಕೊಂಡೆ.”

“ಹೀಗೆ ಎಷ್ಟು ದಿನವಾಯಿತು, ತಾಯಿ?”

“ಎಣಿಸುವುದನ್ನು ಬಿಟ್ಟಿದ್ದೇನೆ, ಅತ್ತೆ” ಎಂದು ಹೇಳಿ ಆಕೆಯು ಸೆರಗಿನಿಂದ ಕಣ್ಣೊರಸಿಕೊಂಡು ಅಡಿಗೆಮನೆಗೆ ಹೋದಳು.

ಆ ಕಣ್ಣೀರು ಸಣ್ಣ ವಿಷಯವಲ್ಲ. ದೀಕ್ಷೆಯ ಕಾಲದಲ್ಲಿ ಗುರುವು ಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸುವಾಗ ಇದು ಗಂಡಿಗೆ, ಇದು ಹೆಣ್ಣಿಗೆ ಎಂದು ಭೇದವೆಣಿಸಲಿಲ್ಲ. ದೇವಾಲಯಕ್ಕೆ ಹೋಗುವ ಅಗತ್ಯವಿಲ್ಲದಂತೆ ಇಷ್ಟಲಿಂಗವು ಭಕ್ತನ ಮೈಯ ಮೇಲೆಯೇ ನೆಲೆಗೊಂಡಿದೆ. ಪೂಜೆಗೆ ಬೇಕಾದುದಾದರೂ ಎಷ್ಟು? ಒಂದು ಮಣೆ, ಒಂದು ತಂಬಿಗೆ ನೀರು, ಚಿಟಿಕೆ ವಿಭೂತಿ, ನಾಲ್ಕು ಪತ್ರೆ. ಜಗದಗಲವಾದ ಶಿವನು ಎಡದ ಅಂಗೈಯಷ್ಟು ಸ್ಥಳದಲ್ಲಿ ಕುಳಿತುಕೊಳ್ಳಲು ಒಪ್ಪಿದ್ದಾನೆ. ಇಷ್ಟು ಸುಲಭನಾದ ದೇವರಿಗೂ ಮನೆಯಲ್ಲಿ ಎಡೆಯಿಲ್ಲವೆಂದರೆ ಆ ಎಡೆಯನ್ನು ಆಕ್ರಮಿಸಿದವರು ಯಾರು? ಲಿಂಗಕ್ಕೆ ಅಂಗೈಯಗಲದ ಸ್ಥಳ ಸಾಕು, ನಿಜ; ಆದರೆ ಆ ಅಂಗೈ ಬಿಡುವಾಗಿರಬೇಕು. ಇಂದಿನ ಗೃಹಸ್ಥರ ಅಂಗೈ ಬಿಡುವಾಗಿಲ್ಲ. ಇದೇ ರೋಗದ ಮೂಲ.

ಈ ರೋಗಕ್ಕೆ ಮದ್ದನ್ನು ಕಲ್ಯಾಣದಲ್ಲಿ ಬಾಳಿದ ಒಂದು ದಂಪತಿಗಳ ಚರಿತ್ರೆಯಲ್ಲಿ ಕಾಣಬಹುದು. ಅವರೇ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿಗೆ ಸೇರಿದ ಅಮರೇಶ್ವರದಿಂದ ಬಂದು, ಬೀದರ ಜಿಲ್ಲೆಯಲ್ಲಿರುವ ಇಂದಿನ ಬಸವಕಲ್ಯಾಣವಾದ ಅಂದಿನ ಕಲ್ಯಾಣದಲ್ಲಿ ನೆಲೆಸಿದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡಿ ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಅವರ ದಾಸೋಹ. ಶೂನ್ಯಸಂಪಾದನೆಯಲ್ಲಿಯೂ ಇವರ ಪ್ರಸಂಗ ಬಂದಿದೆ. ಅದರಲ್ಲಿ ಇಂದಿನ ಗೃಹಸ್ಥರು ಲಕ್ಷ್ಯಕೊಟ್ಟು ನೋಡಬೇಕಾದ ಘಟನೆಗಳು ಎರಡು. ಒಂದು ಹೊತ್ತಿಗೆ ಸಂಬಂಧಿಸಿದುದು. ಇನ್ನೊಂದು ವಸ್ತುವಿಗೆ ಸಂಬಂಧಿಸಿದುದು.

ಮೊದಲನೆಯದು ಹೀಗಿದೆ. ಒಂದು ದಿನ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಕುಳಿತು ಅನುಭಾವದ ಮಾತಿನಲ್ಲಿ ಮೈಮರೆತನು. ಕಾಯಕದ ಹೊತ್ತು ಮೀರಿತು. ಆಗ ಲಕ್ಕಮ್ಮನು ಅಲ್ಲಿಗೆ ಬಂದು ಕಾಯಕವು ನಿಂತುಹೋದುದನ್ನು ಪತಿಗೆ ನೆನಪಿಸಿ ಎಚ್ಚರಿಸಿದಳು. ಮಾರಯ್ಯನು ಕುಳಿತದ್ದು ಜೂಜಿನ ಕಟ್ಟೆಯಲ್ಲಲ್ಲ, ಹರಟೆಯ ಜಗಲಿಯಲ್ಲಲ್ಲ, ಶರಣರ ಸನ್ನಿಧಿಯಲ್ಲಿ. ಆದರೂ ಲಕ್ಕಮ್ಮ ಅವನನ್ನು ಎಬ್ಬಿಸಿದಳು. ಏಕೆಂದರೆ ಒಳ್ಳೆಯದೇ ಆದರೂ ತನ್ನ ಹೊತ್ತನ್ನು ಮೀರಿ ಮತ್ತೊಂದು ಕರ್ತವ್ಯದ ಹೊತ್ತನ್ನು ನುಂಗಿದರೆ ಅದು ಒಳ್ಳೆಯದಾಗಿ ಉಳಿಯುವುದಿಲ್ಲ.

ಈ ಸೂಕ್ಷ್ಮವನ್ನು ಇಂದಿನ ಗೃಹಸ್ಥರು ಅರಿಯಬೇಕು. ಅವರ ದಿನಚರಿಯನ್ನು ತುಂಬಿರುವವು ಕೆಟ್ಟ ಕಾರ್ಯಗಳಲ್ಲ. ಸಂಗೀತ ಒಳ್ಳೆಯದು, ಗಣಿತ ಒಳ್ಳೆಯದು, ಬಂಧುಗಳ ಮದುವೆಗೆ ಹೋಗುವುದು ಒಳ್ಳೆಯದು, ಸಂಘದ ಸೇವೆ ಒಳ್ಳೆಯದು. ಕೆಟ್ಟದ್ದನ್ನು ಬಿಡಲು ಮನಸ್ಸು ಒಂದು ಬಾರಿ ಗಟ್ಟಿಯಾದರೆ ಸಾಕು. ಒಳ್ಳೆಯದನ್ನು ಬಿಡಲು ವಿವೇಕವೇ ಬೇಕು. ಹತ್ತು ಒಳ್ಳೆಯ ಕಾರ್ಯಗಳು ಕೂಡಿ ತಾಯಿಯ ಪೂಜೆಯನ್ನೂ, ತಂದೆಯು ಮಕ್ಕಳೊಡನೆ ಕುಳಿತು ಆಡುವ ನಾಲ್ಕು ಮಾತುಗಳನ್ನೂ, ಮಕ್ಕಳ ನಿದ್ದೆಯನ್ನೂ ನುಂಗಿದ ಮೇಲೆ ಅವುಗಳ ಒಳ್ಳೆಯತನದಿಂದ ಆದ ಪ್ರಯೋಜನವೇನು? ತಾಯಿಗೆ ದಣಿವು, ತಂದೆಗೆ ಸಿಡುಕು, ಮಕ್ಕಳಿಗೆ ಬೇಸರ. ಮನೆಯು ಅನ್ನ ಉಂಡು ಮಲಗುವ ಛತ್ರವಾಗುತ್ತದೆ.

ಎರಡನೆಯ ಘಟನೆ ಇನ್ನೂ ಪ್ರಸಿದ್ಧವಾದುದು. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿದ್ದಿತು. ಮಾರಯ್ಯನು ಅದನ್ನೆಲ್ಲ ಆಯ್ದು ಮನೆಗೆ ತಂದನು. ಲಕ್ಕಮ್ಮನು ಗಂಟನ್ನು ನೋಡಿ ಸಂತೋಷಪಡಲಿಲ್ಲ. ನಿತ್ಯಕ್ಕೆ ಸಾಕಾಗುವಷ್ಟಿರಲು ಈ ಹೆಚ್ಚಿನದು ಏತಕ್ಕೆ, ಆಸೆಯು ಅರಸರ ಸೊತ್ತೇ ಹೊರತು ಭಕ್ತರದಲ್ಲ, ಎಂಬ ಅಭಿಪ್ರಾಯವನ್ನು ನಿಷ್ಠುರವಾಗಿ ಹೇಳಿ, ಹೆಚ್ಚಾದ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದಳು.

ಇಲ್ಲಿ ವಿಚಾರಮಾಡಿ ನೋಡತಕ್ಕ ಸಂಗತಿಯೊಂದಿದೆ. ಮಾರಯ್ಯನು ಕದ್ದು ತರಲಿಲ್ಲ, ಬೇಡಿ ತರಲಿಲ್ಲ, ತನ್ನ ಕಾಯಕದಿಂದಲೇ ತಂದನು. ಆದರೂ ಲಕ್ಕಮ್ಮನ ದೃಷ್ಟಿಯಲ್ಲಿ ಅದು ಮನೆಯೊಳಗೆ ಬರಬಾರದ ವಸ್ತು. ಅವಳು ಆ ಅಕ್ಕಿಯನ್ನು ನ್ಯಾಯವಾಗಿ ಬಂದಿತೇ ಎಂಬ ಒಂದೇ ಪ್ರಶ್ನೆಯಿಂದ ಅಳೆಯಲಿಲ್ಲ. ಬೇಕಾಗಿ ಬಂದಿತೇ ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಿದಳು. ಇಂದಿನ ಸದ್ಗೃಹಸ್ಥರು ಮೊದಲನೆಯ ಪ್ರಶ್ನೆಗೆ ತಲೆಯೆತ್ತಿ ಉತ್ತರ ಕೊಡಬಲ್ಲರು: “ನಮ್ಮ ದುಡಿಮೆಯ ಹಣ, ನಮ್ಮ ಬೆವರಿನ ಸೊತ್ತು.” ಎರಡನೆಯ ಪ್ರಶ್ನೆಯನ್ನು ಯಾರೂ ಹೊಸ್ತಿಲಲ್ಲಿ ನಿಂತು ಕೇಳುವುದಿಲ್ಲ. ಹಾಗಾಗಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು, ನೆರೆಮನೆಯಲ್ಲಿದೆಯೆಂದು ಒಂದು, ಮುಂದೆ ಎಂದಾದರೂ ಬೇಕಾದೀತೆಂದು ಒಂದು, ಹೀಗೆ ವಸ್ತುಗಳು ಒಳಗೆ ಬರುತ್ತಲೇ ಇವೆ. ಒಳಗೆ ಬರುವ ಬಾಗಿಲು ಅಗಲವಾಗಿದೆ. ಹೊರಗೆ ಹೋಗುವ ಬಾಗಿಲು ಮುಚ್ಚಿದೆ. ಬಂದ ಪ್ರತಿಯೊಂದು ವಸ್ತುವೂ ಒರಸು, ಮಡಿಸು, ಎತ್ತಿಡು, ಹುಡುಕು ಎಂದು ಗೃಹಿಣಿಯಿಂದ ಊಳಿಗ ಮಾಡಿಸಿಕೊಳ್ಳುತ್ತದೆ. ವಸ್ತುಗಳಿಗೆ ಒಡತಿಯಾಗಬೇಕಾದವಳು ವಸ್ತುಗಳ ತೊತ್ತಾಗುತ್ತಾಳೆ.

ಹಾಗಾದರೆ ಯಾವುದು ಬೇಕಾದುದು, ಯಾವುದು ಹೆಚ್ಚಾದುದು ಎಂದು ತಿಳಿಯುವುದು ಹೇಗೆ? ಇದಕ್ಕೆ ವೀರಶೈವ ಸಿದ್ಧಾಂತದಲ್ಲಿಯೇ ಸ್ಪಷ್ಟವಾದ ಒರೆಗಲ್ಲು ಇದೆ. ಭಕ್ತನು ಸೇವಿಸುವ ಯಾವುದೂ ಮೊದಲು ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಅರ್ಪಿಸದುದನ್ನು ಅನುಭವಿಸಬಾರದೆಂಬುದು ಪ್ರಸಾದಿಯ ನಿಯಮ. ಈ ನಿಯಮವು ಅನ್ನಕ್ಕೆ ಮಾತ್ರವಲ್ಲ, ಉಡುವ ಬಟ್ಟೆಗೂ ಬಳಸುವ ಪಾತ್ರೆಗೂ ಸಲ್ಲುತ್ತದೆ. ಹತ್ತು ವರ್ಷಗಳಿಂದ ಅಟ್ಟದಲ್ಲಿ ಧೂಳು ಹಿಡಿದಿರುವ ಪಾತ್ರೆಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಅದರಲ್ಲಿ ಅಟ್ಟ ಅನ್ನವು ಯಾವ ಜಂಗಮದ ಎಲೆಗೂ ಬೀಳಲಿಲ್ಲ, ಯಾವ ಹಸಿದವನ ಹೊಟ್ಟೆಗೂ ಸೇರಲಿಲ್ಲ, ಮನೆಯವರ ಉಪಯೋಗಕ್ಕೂ ಬರಲಿಲ್ಲ. ಅದು ಪ್ರಸಾದವಾಗಲಿಲ್ಲ, ಪದಾರ್ಥವಾಗಿಯೂ ಉಳಿಯಲಿಲ್ಲ, ಬರಿಯ ಹೊರೆಯಾಯಿತು. ಅದೇ ಪಾತ್ರೆಯು ಹೊಸದಾಗಿ ಸಂಸಾರ ಹೂಡಿದ ಬಡವರ ಮನೆಗೆ ಹೋದರೆ ಅದೇ ದಿನ ಅದರಲ್ಲಿ ಅನ್ನ ಬೇಯುತ್ತದೆ. ಹೆಚ್ಚಾದ ಅಕ್ಕಿಯು ಮಾರಯ್ಯನದಲ್ಲ, ಮಹಾಮನೆಯ ದಾಸೋಹಕ್ಕೆ ಸೇರಿದುದು; ಹಾಗೆಯೇ ಮನೆಯಲ್ಲಿ ಹೆಚ್ಚಾಗಿ ಬಿದ್ದಿರುವುದು ಮನೆಯವರದಲ್ಲ, ಅದರ ಅವಶ್ಯಕತೆಯುಳ್ಳ ಇನ್ನೊಬ್ಬರದು. ಆದುದರಿಂದ ಮನೆಯನ್ನು ಹಗುರಮಾಡುವುದು ಅಚ್ಚುಕಟ್ಟುತನದ ಮಾತು ಮಾತ್ರವಲ್ಲ; ಅದು ದಾಸೋಹದ ಒಂದು ಅಂಗ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಹರಿದುದನ್ನೂ ಮುರಿದುದನ್ನೂ ಗಂಟುಕಟ್ಟಿ ಬಡವರ ಮನೆಗೆ ಕಳುಹಿಸಿ ದಾಸೋಹವಾಯಿತೆಂದು ಕೃತಾರ್ಥರಾಗುವುದು ಸಲ್ಲದು. ದಾಸೋಹದಲ್ಲಿ ಕೊಡುವವನು ದಾಸ, ಕೊಳ್ಳುವವನು ಒಡೆಯ. ಒಡೆಯನಿಗೆ ಕಸವನ್ನು ಸಮರ್ಪಿಸುವ ದಾಸನುಂಟೇ? ಕೆಟ್ಟುದನ್ನು ಗುಜರಿಗೆ ಹಾಕಬೇಕು. ಒಳ್ಳೆಯದನ್ನು ತೊಳೆದು, ಒರಸಿ, ಗೌರವದಿಂದ ಕೊಡಬೇಕು.

ಇನ್ನೊಂದು ಮಾತನ್ನೂ ಮರೆಯಬಾರದು. ಅಟ್ಟದಲ್ಲಿರುವುದೆಲ್ಲವೂ ಕಸವಲ್ಲ. ಇಂದು ವಚನಗಳು ಮನೆಮನೆಯ ಮಾತಾಗಿರುವುದು ಹಿಂದಿನ ತಲೆಮಾರಿನವರು ತಾಳೆಗರಿಯ ಕಟ್ಟುಗಳನ್ನು ಜೋಪಾನವಾಗಿಟ್ಟುದರಿಂದ. ಡಾ. ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಅಂಥ ಕಟ್ಟುಗಳನ್ನು ಕಲೆಹಾಕಿ, ಪರಿಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಇಟ್ಟವರ ಶ್ರದ್ಧೆಗೆ ನಮಸ್ಕಾರ ಸಲ್ಲಬೇಕು. ಆದರೆ ಕಟ್ಟು ಬಿಚ್ಚಿ ಓದುವ ಕೈಗೆ ಬಂದಾಗಲೇ ಆ ಗರಿಗಳು ಲೋಕೋಪಕಾರಿಯಾದುವು ಎಂಬುದನ್ನೂ ಗಮನಿಸಬೇಕು. ಅಜ್ಜನ ಕೈಬರಹ, ತಾಯಿಯ ನೆನಪಿನ ಒಂದು ಸೀರೆ, ಹಿರಿಯರು ಪಠಿಸುತ್ತಿದ್ದ ಪುಸ್ತಕ, ಇವನ್ನು ತಕ್ಕ ಸ್ಥಳದಲ್ಲಿಟ್ಟು ಮಕ್ಕಳಿಗೆ ತೋರಿಸಬೇಕು. ಕಸದ ರಾಶಿಯ ಕೆಳಗೆ ಹೂತುಹೋದ ನೆನಪು ನೆನಪಲ್ಲ.

ಕೆಲವರು ಆಕ್ಷೇಪಿಸಬಹುದು: “ಲಕ್ಕಮ್ಮನ ಕಾಲ ಬೇರೆ, ಈ ಕಾಲ ಬೇರೆ. ಆಯ್ದ ಅಕ್ಕಿಯಿಂದ ಈಗ ಸಂಸಾರ ಸಾಗುವುದೇ? ಮಕ್ಕಳ ಭವಿಷ್ಯವನ್ನು ನೋಡಬೇಡವೇ? ಬಂಧುಗಳ ಮನೆಗೆ ಹೋಗದಿದ್ದರೆ ಅವರು ನಮ್ಮ ಮನೆಗೆ ಬಂದಾರೇ?” ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಲಕ್ಕಮ್ಮನು ಬಡತನವನ್ನು ಬೋಧಿಸಲಿಲ್ಲ, ಅಳತೆಯನ್ನು ಬೋಧಿಸಿದಳು. ಅಳತೆಯು ಮನೆಯಿಂದ ಮನೆಗೆ ಬೇರೆಯಾಗಬಹುದು. ಇಬ್ಬರಿರುವ ಮನೆಗೆ ಒಂದು, ಹತ್ತು ಮಂದಿಯಿರುವ ಮನೆಗೆ ಇನ್ನೊಂದು. ಅಳತೆಯೇ ಇಲ್ಲದ ಮನೆ ಮಾತ್ರ ಯಾವ ಕಾಲಕ್ಕೂ ಸುಖದ ಮನೆಯಲ್ಲ. ಮಕ್ಕಳ ಭವಿಷ್ಯವೂ ಅವರ ದಿನವನ್ನು ತುಂಬಿಬಿಡುವುದರಿಂದ ಕಟ್ಟಲ್ಪಡುವುದಿಲ್ಲ. ತಾಯಿಯು ಶಾಂತವಾಗಿ ಕುಳಿತು ಲಿಂಗವನ್ನು ದಿಟ್ಟಿಸುವುದನ್ನು ಕಂಡು ಬೆಳೆದ ಮಗುವಿಗೆ ದೊರೆಯುವ ಪಾಠವು ಯಾವ ಟ್ಯೂಷನ್ನಿನಲ್ಲಿಯೂ ದೊರೆಯದು.

ಇಷ್ಟಕ್ಕೂ ಈ ಭಾರವನ್ನು ಹೊರುವವರು ಯಾರೆಂಬುದನ್ನು ಸ್ಪಷ್ಟವಾಗಿ ನೋಡಬೇಕು. ತರುವವರು ಎಲ್ಲರೂ, ಎತ್ತಿಡುವವಳು ಒಬ್ಬಳು. ಕಾರ್ಯಕ್ರಮ ಗೊತ್ತುಪಡಿಸುವವರು ಎಲ್ಲರೂ, ಅವೆಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು ನಡೆಸುವವಳು ಒಬ್ಬಳು. ಮನೆಯ ಗಂಡಸರು ನಿರಾತಂಕವಾಗಿ ಪೂಜೆಗೆ ಕುಳಿತಿರುವಾಗ ಅದೇ ಲಿಂಗವನ್ನು ಧರಿಸಿದ ಗೃಹಿಣಿಯು ಒಲೆಯ ಮುಂದೆ ಬೇಯುತ್ತಿದ್ದರೆ ಆ ಪೂಜೆ ಪೂರ್ಣವಾಯಿತೇ? ಲಕ್ಕಮ್ಮನ ಕಥೆಯಲ್ಲಿ ಅಕ್ಕಿಯನ್ನು ಮರಳಿ ಹೊತ್ತುಕೊಂಡು ಹೋದವನು ಮಾರಯ್ಯ. ಸತಿಯ ಮಾತಿಗೆ ಅವನು ಕುಪಿತನಾಗಲಿಲ್ಲ, ಅವಮಾನವೆಂದು ಬಗೆಯಲಿಲ್ಲ, ತಂದ ಗಂಟನ್ನು ತಾನೇ ಎತ್ತಿಕೊಂಡನು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಧರ್ಮದಲ್ಲಿ ಪಾತ್ರೆ ತೊಳೆಯುವ ಕಾಯಕವು ಗಂಡಸಿಗೆ ಕೀಳಾಗುವುದು ಹೇಗೆ? ಸತ್ಯಕ್ಕನೆಂಬ ಶರಣೆಯು ಶಿವಭಕ್ತರ ಮನೆಯಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಹಿಡಿದು ಶರಣಪದವಿಗೆ ಏರಿದಳು. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟದ ನಿಷ್ಠೆ ಅವಳದು. ಗುಡಿಸುವ ಕೈ ಗಳಿಸುವ ಕೈಗಿಂತ ಕಿರಿದಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಈಗ ಮೊದಲು ಹೇಳಿದ ಆ ಮನೆಗೆ ಮರಳಬಹುದು. ಅಂದು ರಾತ್ರಿ ಊಟವಾದ ಮೇಲೆ ಅತ್ತೆಯವರು ಮಗನನ್ನು ಹತ್ತಿರ ಕೂಡಿಸಿಕೊಂಡು, “ಅಪ್ಪಾ, ಈ ಮನೆಯಲ್ಲಿ ನಿನ್ನ ಹೆಂಡತಿಗೆ ಮಣೆ ಹಾಕುವಷ್ಟು ನೆಲವಿಲ್ಲ. ಮಠದಲ್ಲಿ ಓದುವಾಗ ನಿನ್ನ ಸೊತ್ತೆಲ್ಲ ಒಂದು ಟ್ರಂಕಿನಲ್ಲಿ ಹಿಡಿಯುತ್ತಿತ್ತು. ಆಗ ನಿನಗೆ ಏನು ಕಡಿಮೆಯಾಗಿತ್ತು?” ಎಂದು ಕೇಳಿದರು. ಮಗನು ಉತ್ತರ ಹೇಳಲಿಲ್ಲ. ಮರುದಿನ ಬೆಳಗಾಗುವ ಮೊದಲೇ ಎದ್ದು ಅಕ್ಕಿಯ ಚೀಲವನ್ನು ತಾನೇ ಅಡಿಗೆಮನೆಗೆ ಎಳೆದುಹಾಕಿ, ಮಣೆಯ ಮೇಲಿನ ಗಂಟನ್ನು ತೆಗೆದು, ನೆಲವನ್ನು ಒರಸಿದನು. ಆಮೇಲೆ ಒಂದೊಂದು ಸೋಮವಾರ ಒಂದೊಂದು ಮೂಲೆ ಎಂದು ಮನೆಯವರೆಲ್ಲ ಕೂಡಿ ನಿಯಮ ಮಾಡಿಕೊಂಡರು. ಬಿಚ್ಚದ ಪಾತ್ರೆಗಳು ಮಠದ ದಾಸೋಹದ ಮನೆಗೆ ಹೋದುವು. ಕುಪ್ಪಸದ ಕಣಗಳು ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಸಂದುವು. ಮಗನು ಕರಾಟೆಯ ವಿಷಯದಲ್ಲಿ ಕೇಳಿದಾಗ, “ಪಕ್ಕದ ಮನೆಯವನು ಹೋಗುತ್ತಾನೆಂದು ಹೋಗುತ್ತಿದ್ದೆ, ಅಪ್ಪಾ” ಎಂದನು. ಮಗಳು ಸಂಗೀತವನ್ನು ಉಳಿಸಿಕೊಂಡು ಚಿತ್ರಕಲೆಯನ್ನು ಮನೆಯಲ್ಲಿಯೇ ಅಭ್ಯಾಸಮಾಡಿದಳು. ಯಜಮಾನನು ಎರಡು ಸಂಘಗಳಲ್ಲಿ ಒಂದರ ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸಿದನು.

ಅಷ್ಟರಿಂದ ಆ ಮನೆಯು ಕೈಲಾಸವಾಯಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಹಾಲು ಈಗಲೂ ಒಮ್ಮೊಮ್ಮೆ ಉಕ್ಕುತ್ತದೆ. ಕಾಲುಚೀಲ ಈಗಲೂ ಕಳೆಯುತ್ತದೆ. ಆದರೆ ಬೆಳಗಿನ ಅರ್ಧ ಗಂಟೆ ಗೃಹಿಣಿಯನ್ನು ಯಾರೂ ಕರೆಯುವುದಿಲ್ಲ. ಆ ಹೊತ್ತಿನಲ್ಲಿ ಒಲೆಯನ್ನು ಯಜಮಾನನು ನೋಡಿಕೊಳ್ಳುತ್ತಾನೆ. ಕಾಲುಚೀಲವನ್ನು ಮಗನೇ ಹುಡುಕಿಕೊಳ್ಳುತ್ತಾನೆ. ಆಕೆಯ ಎಡದ ಅಂಗೈಯಲ್ಲಿ ಲಿಂಗವಿರುತ್ತದೆ, ಬೇರೇನೂ ಇರುವುದಿಲ್ಲ.

ಪ್ರತಿಯೊಬ್ಬ ಗೃಹಸ್ಥನಿಂದಲೂ ಆಗಬಹುದಾದ ಕೆಲಸವಿದು. ಒಂದು ವಸ್ತು ಹೊಸ್ತಿಲು ದಾಟುವ ಮುನ್ನ, ಒಂದು ಕಾರ್ಯಕ್ಕೆ ಒಪ್ಪಿಗೆ ಕೊಡುವ ಮುನ್ನ, ಲಕ್ಕಮ್ಮ ತಾಯಿಯು ಬಾಗಿಲಲ್ಲಿ ನಿಂತಿದ್ದಾಳೆಂದು ಭಾವಿಸಬೇಕು. ಇದು ನಮ್ಮ ಅಳತೆಯೊಳಗಿನದೋ, ಮೀರಿದುದೋ ಎಂದು ಅವಳು ಕೇಳಿದರೆ ತಲೆತಗ್ಗಿಸದೆ ಉತ್ತರ ಹೇಳುವಂತಿರಬೇಕು. ಮೀರಿದುದಾದರೆ ಮಾರಯ್ಯನಂತೆ ಮರಳಿ ಎತ್ತಿಕೊಂಡು ಹೋಗಲು ನಾಚಬಾರದು. ವಾರಕ್ಕೊಂದು ಮೂಲೆಯಾದರೂ ಹಗುರವಾಗಲಿ. ದಿನಕ್ಕೊಂದು ಹೊತ್ತಾದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು ಪ್ರಸಾದ ಸ್ವೀಕರಿಸಲಿ. ಮನೆಯಲ್ಲಿರುವ ಪ್ರತಿಯೊಬ್ಬ ಲಿಂಗಧಾರಿಗೂ, ಮುಖ್ಯವಾಗಿ ಗೃಹಿಣಿಗೆ, ಪೂಜೆಯ ಹೊತ್ತು ಅಡ್ಡಿಯಿಲ್ಲದೆ ದೊರೆಯಲಿ. ಅಂಗೈ ಬಿಡುವಾದಲ್ಲಿ ಲಿಂಗವು ನೆಲೆಗೊಳ್ಳುವುದು. ಲಿಂಗವು ನೆಲೆಗೊಂಡಲ್ಲಿ ಮನೆಯೇ ಮಹಾಮನೆಯಾಗುವುದು.